ಅಜ್ಜನ ಹೊಲದ ನೀರು

ಹಾಲಮ್ಮತ್ತೆ ಯಾರ ಮನೆಗೆ ಹೋದರೂ ಮೊದಲು ಲೋಟವನ್ನು ಮೂಸುತ್ತಿದ್ದರು. ನೀರು ತಂದುಕೊಟ್ಟವರ ಎದುರಿಗೇ, ಸ್ವಲ್ಪವೂ ಸಂಕೋಚವಿಲ್ಲದೆ, ಲೋಟದ ಅಂಚನ್ನು ಮೂಗಿನ ಬಳಿ ಹಿಡಿದು ಒಂದು ದೀರ್ಘ ಉಸಿರು ಎಳೆಯುವರು. ಆಮೇಲೆ ಮೂಗಿನ ಹೊಳ್ಳೆಗಳನ್ನು ಅರಳಿಸಿ, ಲೋಟವನ್ನು ದೂರ ಸರಿಸಿ ಒಂದೇ ಮಾತು ಹೇಳುವರು: “ಹೊಲ್ಸು.”

ನನ್ನ ಅಪ್ಪನ ಅಕ್ಕ ಅವರು. ಲೋಕದಲ್ಲಿ ಅವರಿಗೆ ಹೊಲಸಲ್ಲದ್ದು ಕಡಿಮೆ. ಬಸ್ಸಿನ ಕಂಬಿ ಹೊಲಸು. ಸೆರಗು ಸುತ್ತಿಯೇ ಹಿಡಿಯಬೇಕು. ಮದುವೆಮನೆಯ ಚಾಪೆ ಹೊಲಸು. ದಾವಣಗೆರೆಯ ಹೋಟೆಲಿಗೆ ಒಮ್ಮೆ ದೋಸೆ ತಿನ್ನಲು ಕರೆದೊಯ್ದಾಗ ಒಲೆಯ ಕಡೆಗೇ ಕಣ್ಣು ನೆಟ್ಟು ಕೂತರು. “ಹಣಿ ಬೆವರು ಒರೆಸಿದ ಕೈಲೇ ಬೆಣ್ಣಿ ಹಾಕ್ತಾನ ನೋಡವ್ವ. ಉಪ್ಪು ಬ್ಯಾರೆ ಹಾಕೋದು ಬ್ಯಾಡ ಅಂತ ಕಾಣ್ತೈತೆ” ಅಂದರು. ಪಕ್ಕದ ಮೇಜಿನವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. ಹಾಗೆ ಇಳಿಸಿದ್ದನ್ನು ನಾನು ಕಂಡೆನೋ, ನಮ್ಮ ಮನೆಯಲ್ಲಿ ಈ ಕಥೆಯನ್ನು ಹೇಳಿ ಹೇಳಿ ಅದು ಆಮೇಲೆ ಸೇರಿಕೊಂಡಿತೋ, ಈಗ ಬಿಡಿಸಿ ಹೇಳಲಾರೆ. ಸತ್ತವರ ಬಗ್ಗೆ ನೆನಪು ಬಹಳ ಉದಾರವಾಗಿರುತ್ತದೆ. ಅವರು ಆಡದ ಒಳ್ಳೆಯ ಮಾತುಗಳನ್ನೂ ಅವರ ಬಾಯಿಗೆ ಹಾಕುತ್ತದೆ. ಅದಕ್ಕೇ ಹುಷಾರಾಗಿ ಬರೆಯುತ್ತಿದ್ದೇನೆ.

ದಾವಣಗೆರೆಯ ನಿಟ್ಟುವಳ್ಳಿ ಬಡಾವಣೆಯ ನಮ್ಮ ಮನೆಗೆ ಬರುವಾಗ ಅತ್ತೆ ತಮ್ಮ ನೀರನ್ನು ತಾವೇ ತರುತ್ತಿದ್ದರು. ಅಡುಗೆ ಎಣ್ಣೆಯ ಹಳೆಯ ಕ್ಯಾನನ್ನು ಸೀಗೆಪುಡಿ ಹಾಕಿ ತೊಳೆದು, ಅದರ ತುಂಬ ತಮ್ಮೂರಿನ ಪಿಕಪ್ ನೀರು ತುಂಬಿಕೊಂಡು, ಮಲೆಬೆನ್ನೂರಿನಲ್ಲಿ ಬಸ್ ಹತ್ತಿ, ಹರಿಹರದಲ್ಲಿ ಬದಲಿಸಿ, ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಬರುವರು. ಅಮ್ಮನಿಗೆ ಅವಮಾನ.

“ಅಕ್ಕಾರೆ, ನಮ್ಮನ್ಯಾಗೂ ಫಿಲ್ಟ್ರು ಐತ್ರಿ.”

“ಇರ್ಲಿ ಬಿಡವ್ವ. ನಿಮ್ಮ ಫಿಲ್ಟ್ರು ನೀರಿಗೆ ರುಚಿನೂ ಇಲ್ಲ, ಊರೂ ಇಲ್ಲ. ಎಲ್ಲಿ ನೀರು ಅಂತ ಕೇಳಿದ್ರೆ ಗ್ವಾಡಿ ತೋರಿಸ್ತೀರಿ.”

ಪಿಕಪ್ ಎಂದರೆ ಹಳ್ಳಕ್ಕೆ ಅಡ್ಡಲಾಗಿ ಕಟ್ಟಿದ ಸಣ್ಣ ಅಣೆಕಟ್ಟೆ. ಹಳ್ಳದ ನೀರನ್ನೂ ಮೇಲಿನ ಗದ್ದೆಗಳ ಬಸಿನೀರನ್ನೂ ತಡೆದು ನಿಲ್ಲಿಸಿ, ಕೆಳಗಿನ ಭತ್ತದ ಗದ್ದೆಗಳಿಗೆ ಬಿಡುತ್ತಾರೆ. ಕಟ್ಟಿಸಿದ ಎಂಜಿನಿಯರುಗಳು ಇಂಗ್ಲಿಷಿನ ಆ ಹೆಸರನ್ನು ಬಿಟ್ಟುಹೋದರು, ಊರಿನವರು ಉಳಿಸಿಕೊಂಡರು. ಅದನ್ನು ಕಟ್ಟುವಾಗ ಮುಳುಗಿದ್ದರಲ್ಲಿ ನಮ್ಮಜ್ಜನ ಹೊಲವೂ ಒಂದು. ಅಜ್ಜನ ಗಂಡುಮಕ್ಕಳು ದಾವಣಗೆರೆಯ ಬಟ್ಟೆ ಗಿರಣಿಗಳಿಗೆ ಬಂದು, ನಗರದವರಾಗಿ, ಹೊಲವನ್ನು ಮರೆತರು. ಅತ್ತೆಯನ್ನು ಮಾತ್ರ ಅದೇ ಅಣೆಕಟ್ಟೆಯ ಏರಿಯ ಕೆಳಗಿನ ಊರಿಗೆ ಮದುವೆ ಮಾಡಿಕೊಟ್ಟಿದ್ದರು. ದಿನಾ ಬೆಳಗಾದರೆ ಆ ನೀರನ್ನು ನೋಡಲೇಬೇಕಿತ್ತು. ನೋಡುತ್ತಾ ನೋಡುತ್ತಾ ಅದನ್ನು ತಮ್ಮದು ಮಾಡಿಕೊಂಡರು. “ನಮ್ಮಪ್ಪನ ಹೊಲದ ಮ್ಯಾಲೆ ನಿಂತ ನೀರು. ಅದಕ್ಕ ಅಷ್ಟು ಸೀ” ಎಂದು ಬಂದವರಿಗೆಲ್ಲ ಹೇಳುವರು.

ಆ ನೀರು ಒಂದು ಕಾಲಕ್ಕೆ ನಿಜಕ್ಕೂ ಸಿಹಿಯಾಗಿತ್ತೋ ಏನೋ. ನಾನು ತಿಳಿದು ನೋಡುವ ವಯಸ್ಸಿಗೆ ಬರುವಷ್ಟರಲ್ಲಿ ಹಳ್ಳದ ಮೇಲ್ಭಾಗದಲ್ಲಿ ಬಡಾವಣೆಗಳೆದ್ದು, ಅವುಗಳ ಚರಂಡಿ ಹಳ್ಳಕ್ಕೆ ಇಳಿದಿತ್ತು. ನೀರಿನ ಮೇಲೆ ಅಂತರಗಂಗೆ ಕಳೆ ಹಾಸಿಕೊಂಡಿತು. ಕೋಳಿ ಅಂಗಡಿಗಳವರು ಚೀಲಗಟ್ಟಲೆ ಕರುಳು, ಪುಕ್ಕ ತಂದು ಏರಿಯ ಮೇಲಿಂದ ಎಸೆಯತೊಡಗಿದರು. ಚೀಲ ಹರಿದು ಜಾರುವ ಕಡೆ ಕಲ್ಲುಗಳ ಮೇಲೆ ಕಪ್ಪು ಜಿಡ್ಡು. ನಾಯಿಗಳು ಅದನ್ನು ನೆಕ್ಕುತ್ತಿದ್ದವು. ಮಕ್ಕಳ ಡೈಪರುಗಳು ನೀರು ಕುಡಿದು ಊದಿ, ಹೊಟ್ಟೆ ಮೇಲಾದ ಮೀನಿನ ಹಾಗೆ ತೇಲುತ್ತಿದ್ದವು. ಕರಗದ ಗಣಪತಿಗಳ ಸೊಂಡಿಲಿನಿಂದ ಕಬ್ಬಿಣದ ಸರಳು ಹೊರಗೆ ಚಾಚಿರುತ್ತಿತ್ತು. ಪೂಜೆ ಮುಗಿದ ಮೇಲೆ ದೇವರನ್ನೂ ಕೋಳಿಕರುಳಿನ ಜೊತೆಗೇ ಬಿಸಾಡುವ ನಮ್ಮ ಜನರ ಮೇಲೆ ನನಗಿರುವ ಅಸಹ್ಯ ಇನ್ನೂ ತಗ್ಗಿಲ್ಲ. ಅತ್ತೆ ಮಾತ್ರ ತೂಬಿನ ಪಕ್ಕದ ಮೆಟ್ಟಿಲಿಳಿದು, ಅಂತರಗಂಗೆಯನ್ನು ಕೈಯಿಂದ ಆಚೆ ತಳ್ಳಿ, ಬಿಂದಿಗೆ ಅದ್ದಿ, ಹಳೇ ಸೀರೆಯಲ್ಲಿ ಸೋಸಿ ಕುಡಿಯುತ್ತಿದ್ದರು.

“ಅತ್ತೆ, ಆ ನೀರು ಪೂರಾ ಹೊಲಸಾಗೈತ್ರಿ. ಕುಡೀಬ್ಯಾಡ್ರಿ.”

“ಹಸಿರಿದ್ದಿದ್ದೆಲ್ಲ ಹೊಲ್ಸಾ? ಹಂಗಾರೆ ನಿನ್ನ ದಾವಣಗೆರಿ ಪಾರ್ಕೂ ಹೊಲ್ಸು.”

ಒಮ್ಮೆ ನನಗೂ ಒಂದು ಲೋಟ ಕೊಟ್ಟರು. ಬಾಯಿಗೆ ತರುವ ಮೊದಲೇ ಕೊಳೆತ ಸೊಪ್ಪಿನ ಘಾಟು ಬಡಿಯಿತು. ನನಗರಿವಿಲ್ಲದೆ ಮೂಸಿದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು.

“ಎಮ್ಮೆ ಓದಿದಾಕಿ ಅಂತ ಎಮ್ಮಿ ಹಂಗ ಮೂಸಬ್ಯಾಡ. ಕುಡಿ.”

ಲೋಟವನ್ನು ಕೆಳಗಿಟ್ಟೆ. ಅವರೇ ಅದನ್ನು ಎತ್ತಿಕೊಂಡು, ನನ್ನ ಮುಖದಿಂದ ಕಣ್ಣು ತೆಗೆಯದೆ, ಗಟಗಟ ಕುಡಿದು ಮುಗಿಸಿದರು.

ಹೋದ ಚಳಿಗಾಲದಲ್ಲಿ ಅತ್ತೆಗೆ ವಾಂತಿಭೇದಿ ಹಿಡಿಯಿತು. ಅವರ ಮಗ ಮಂಜಣ್ಣ ದಾವಣಗೆರೆಗೆ ಕರೆತಂದ. ನಾನೂ ಅಮ್ಮನೂ ಆಸ್ಪತ್ರೆಗೆ ಹೋದೆವು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಾಡಿ ನೋಡುತ್ತಾ ಕೇಳಿದರು: “ಅಜ್ಜಿ, ಕುಡಿಯೋದು ಯಾವ ನೀರು?”

ಅತ್ತೆ ಒಣಗಿದ ತುಟಿ ಸವರಿಕೊಂಡು ಅಮ್ಮನ ಕಡೆ ಬೆರಳು ಮಾಡಿದರು. “ಇವ್ರ ಮನಿ ಫಿಲ್ಟ್ರು ನೀರು ರೀ. ಕುಡಿದೆ, ಹಿಂಗಾತು.”

ಡಾಕ್ಟರಮ್ಮ ಅಮ್ಮನಿಗೆ ಫಿಲ್ಟರಿನ ಕ್ಯಾಂಡಲ್ ಬದಲಿಸುವ ಬಗ್ಗೆ ಬುದ್ಧಿ ಹೇಳಿದರು. ಮಂಜಣ್ಣ ನೆಲ ನೋಡುತ್ತಾ ನಿಂತಿದ್ದ. ಡಾಕ್ಟರಮ್ಮ ಆಚೆ ಹೋದದ್ದೇ ತಡ, ಅಮ್ಮ ತಿರುಗಿ ಬಿದ್ದರು.

“ಅಲ್ರಿ ಅಕ್ಕಾರೆ, ದೀಪಾವಳಿ ಆದ ಮ್ಯಾಲೆ ನಮ್ಮನಿ ಹೊಸ್ತಿಲೇ ತುಳಿದಿಲ್ಲ ನೀವು! ಬಾಯಿಗೆ ಬಂದಂಗ ಸುಳ್ಳು ಹೇಳ್ತೀರಲ್ರಿ!”

“ಮತ್ತೇನು ಹೇಳ್ಲಿ?” ಅತ್ತೆ ಎದ್ದು ಕೂರಲು ಹವಣಿಸಿದರು. “ಪಿಕಪ್ ನೀರು ಹೊಲ್ಸಾತು ಅಂತ ನನ್ನ ಬಾಯ್ಲೆ ಅನ್ಲಾ? ನಮ್ಮಪ್ಪನ ಹೊಲ ಯಾತಕ್ಕ ಹೋತು ಹಂಗಾರೆ? ಹೊಲ್ಸು ತುಂಬಾಕಾ?”

ಹೀಗೆಂದರು ಎಂದು ನನ್ನ ನೆನಪು. ಅಮ್ಮನನ್ನು ಕೇಳಿದರೆ, “ಅಂಥಾದ್ದೇನೂ ಅನ್ಲಿಲ್ಲ, ಮಕ ಗ್ವಾಡಿ ಕಡೆ ಮಾಡಿ ಮಲಗಿಬಿಟ್ರು” ಎನ್ನುತ್ತಾರೆ. ಸಿಟ್ಟಿನಲ್ಲಿದ್ದ ಅಮ್ಮನ ಕಿವಿಗೆ ಅದು ಬಿದ್ದಿರಲಿಕ್ಕಿಲ್ಲ. ಅಥವಾ ಎಂ.ಎ. ಓದಿದ ನನಗೇ ಆ ಸುಳ್ಳಿಗೊಂದು ಗೌರವದ ಕಾರಣ ಬೇಕಾಗಿತ್ತೋ? ಗೊತ್ತಿಲ್ಲ. ಒಂದು ಮಾತ್ರ ಅಂದೇ ಸ್ಪಷ್ಟವಾಯಿತು: ಆ ನೀರು ಎಂಥದೆಂದು ಅತ್ತೆಗೆ ಗೊತ್ತಿತ್ತು. ಗೊತ್ತಿದ್ದೇ ಕುಡಿಯುತ್ತಿದ್ದರು.

ಬೇಸಿಗೆಯಲ್ಲಿ ಗೇಟು ದುರಸ್ತಿಗೆಂದು ಪಿಕಪ್ಪಿನ ನೀರನ್ನೆಲ್ಲ ಹೊರಗೆ ಬಿಟ್ಟರು. ಮಂಜಣ್ಣ ಫೋನ್ ಮಾಡಿದ. “ಹೊಲ ಕಾಣ್ತಾವಂತ ಯಾರೋ ಅಂದ್ರು. ಅವಾಗಿಂದ ಅವ್ವ ನೋಡ್ಲೇಬೇಕು ಅಂತ ಹಟ ಹಿಡಿದಾಳೆ. ಒಬ್ಬನ ಕೈಲಿ ಆಗಲ್ಲ, ನೀನೂ ಬಾರವ್ವ.”

ಹೋದೆ. ಏರಿ ಹತ್ತಿದೊಡನೆ ಉಸಿರು ಕಟ್ಟಿತು. ಆ ವಾಸನೆಗೆ ನನ್ನಲ್ಲಿ ಶಬ್ದವಿಲ್ಲ. ಮೂವರೂ ಒಳಗಿಳಿದೆವು. ಮೇಲೆ ಒಣಗಿ ಬಿರುಕುಬಿಟ್ಟ ಕೆಸರು, ಕಾಲಿಟ್ಟರೆ ಕೆಳಗೆ ಕರಿ ಲೋಳೆ. ಸತ್ತ ಅಂತರಗಂಗೆ ಕಂದುಗಟ್ಟಿ ಎಲ್ಲದರ ಮೇಲೂ ಅಂಟಿತ್ತು. ಅದರ ನಡುವೆ ಸಾಲಾಗಿ ಕಾಣುತ್ತಿದ್ದ ಕೆಲವು ಕಲ್ಲುಗಳ ಹತ್ತಿರ ಅತ್ತೆ ನಿಂತರು. “ಇದೇ ಬದುವು. ಇಲ್ಲಿಂದ ಆಚಿಗೆ ನಮ್ದು.”

ನಾನು ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡಿದ್ದೆ. “ಮೂಗು ಬಿಡವ್ವ,” ಅಂದರು, ಬೈಗುಳದ ದನಿಯಲ್ಲಲ್ಲ. “ನಿಮ್ಮಜ್ಜನ ಹೊಲಕ್ಕ ಬಂದಿ.”

ಆಮೇಲೆ ಅವರು ಮಾಡಿದ್ದನ್ನು ನಾನು ಯಾವ ಅನುಮಾನವೂ ಇಲ್ಲದೆ ಬರೆಯಬಲ್ಲೆ, ಮಂಜಣ್ಣನೂ ಇದ್ದ. ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಒಂದು ಪ್ಲಾಸ್ಟಿಕ್ ಕವರನ್ನು ಕಿತ್ತರು. ಮಣ್ಣು ಕೊಡವಿ ಬದುವಿನ ಮೇಲೆ ಹಾಕಿದರು. ಇನ್ನೊಂದನ್ನು ಕಿತ್ತರು. ಕಳೆ ಕೀಳುವ ಹೆಂಗಸು ಹೇಗೆ ಎಡಗೈಯನ್ನು ಮೊಣಕಾಲ ಮೇಲೆ ಊರಿ ಬಲಗೈಯಲ್ಲಿ ಕೀಳುತ್ತಾ ಮುಂದಕ್ಕೆ ಸರಿಯುತ್ತಾಳೋ ಹಾಗೆಯೇ ಸರಿದರು. ಕವರಿನ ಕೆಳಗೆ ಬಾಟಲಿ, ಬಾಟಲಿಯ ಕೆಳಗೆ ಡೈಪರು, ಅದರ ಕೆಳಗೆ ಮತ್ತೆ ಕವರು. ಮಣ್ಣು ಸಿಗಲೇ ಇಲ್ಲ. ಸುಮ್ಮನೆ ನಿಂತಿರಲಾರದೆ ನಾನೂ ಒಂದು ಗೋಣಿಚೀಲದ ತುದಿ ಹಿಡಿದೆಳೆದೆ. ಅದು ಕೈಯಲ್ಲೇ ಹರಿದು, ಒಳಗಿನಿಂದ ಬೆಳ್ಳಗಿನ ಹುಳುಗಳ ಮುದ್ದೆ ಪಾದದ ಮೇಲೆ ಸುರಿಯಿತು. ಅಲ್ಲೇ ವಾಂತಿ ಮಾಡಿಕೊಂಡೆ.

ಅತ್ತೆ ಬಂದು ನನ್ನ ಬೆನ್ನು ಸವರಿದರು. ಆ ಕೈ ಏನೇನು ಮುಟ್ಟಿತ್ತೆಂದು ನೆನೆದು ಮೈ ಜುಮ್ಮೆಂದರೂ ಸರಿಯಲಿಲ್ಲ. ಅವರು ನನ್ನ ಭುಜದ ಮೇಲಿಂದ ಹೊಲದ ಆ ತುದಿಯವರೆಗೆ ನೋಡಿದರು.

“ಮಂಜಾ, ನೀರು ಯಾವಾಗ ನಿಲ್ಲಿಸ್ತಾರಂತೆ?”

“ಗೇಟು ಕೂಡ್ಸಿದ ಮ್ಯಾಲೆ, ಮಳಿ ಹಿಡಿದ್ರೆ ತುಂಬ್ತೈತವ್ವ.”

“ಲಗೂನ ತುಂಬ್ಲಿ. ಮುಚ್ಚಿಹೋಗ್ಲಿ ಇದು.”

ನಾನು ಅವರನ್ನು ಕಂಡದ್ದು ಅದೇ ಕೊನೆ. ಆಮೇಲೆ ಮಂಜಣ್ಣ ಅಂಗಡಿಯಿಂದ ತರಿಸಿದ ಕ್ಯಾನ್ ನೀರನ್ನೇ ಕುಡಿದರಂತೆ. ಮೂಸಲಿಲ್ಲವಂತೆ. ಎಲ್ಲಿಯದು ಎಂದೂ ಕೇಳಲಿಲ್ಲವಂತೆ. ಮಳೆ ಹಿಡಿಯುವ ಮೊದಲೇ, ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ.

ಮೊನ್ನೆ ಊರಿಗೆ ಹೋದವಳು ಏರಿ ಹತ್ತಿದೆ. ಪಿಕಪ್ ತುಂಬಿತ್ತು. ಅಂತರಗಂಗೆಯಲ್ಲಿ ನೇರಳೆ ಹೂ ಬಿಟ್ಟು, ಹಸಿರು ಆ ದಡದವರೆಗೂ ಸಮನಾಗಿ ಹಬ್ಬಿತ್ತು. ಹರಿಹರದ ಕಡೆಯಿಂದ ಬೈಕಿನಲ್ಲಿ ಬಂದಿದ್ದ ಹೊಸ ಜೋಡಿಯೊಂದು ನನ್ನ ಕೈಗೆ ಮೊಬೈಲು ಕೊಟ್ಟಿತು.

“ಅಕ್ಕಾರೆ, ಒಂದು ಫೋಟೋ ತೆಗೀರಿ. ಹಿಂದೆ ಹೂವೆಲ್ಲ ಬರ್ಲಿ.”

ತೆಗೆದೆ. ಹುಡುಗಿ ನೋಡಿ ತಲೆಯಾಡಿಸಿದಳು. “ಅಯ್ಯ, ಇದ್ರಾಗ ವಾಸ್ನಿಗೆ ನನ್ನ ಮಕ ಸೊಟ್ಟಾಗೈತೆ. ಇನ್ನೊಂದು ತೆಗೀರಿ. ನಾನು ಉಸಿರು ಹಿಡ್ಕಂತೀನಿ.”

ಅವಳು ಉಸಿರು ಹಿಡಿದು ನಕ್ಕಳು. ಫೋಟೋ ಚೆನ್ನಾಗಿ ಬಂತು.