ಮುಳ್ಳಕ್ಕನ ಕಾರ್ಡು

ಸರಕು ಎಂದುಕೊಂಡು ನೋಡಿದರೆ ಮುಳ್ಳಕ್ಕ ಯಾರೂ ಮೊದಲ ನೋಟಕ್ಕೇ ಕೈಹಾಕುವಂಥ ಮಾಲಲ್ಲ. ಐವತ್ತು ದಾಟಿದ ಮೈ, ಒಂದು ಕಡೆ ಸೊಟ್ಟಗಾದ ಕನ್ನಡಕ, ಸಿಹಿಮಾತಿನ ಪಾಲಿಶಂತೂ ಮೊದಲೇ ಇಲ್ಲ. ಆದರೆ ಒಳಗಿನ ಯಂತ್ರ ಒಂದು ದಿನವೂ ಕೈಕೊಟ್ಟದ್ದಿಲ್ಲ.

ಹಳೆಯ ಮೈಕ್ರೋವೇವ್ ಓವನ್‌ಗಳನ್ನು ರಿಪೇರಿ ಮಾಡಿ ಮಾರುವ ಅಂಗಡಿಯ ಹಿಂದಿನ ಕೋಣೆಯಲ್ಲಿ ಹನ್ನೊಂದು ವರ್ಷ ಅವಳದು ಒಂದೇ ಕೆಲಸ. ಒಳಗೆ ಒಂದು ಲೋಟ ನೀರಿಟ್ಟು ಓವನ್ ಚಾಲೂ ಮಾಡಿ, ಬಾಗಿಲಿನ ಅಂಚಿಗೆಲ್ಲ ಮೀಟರು ಹಿಡಿದು, ಕಿರಣ ಎಷ್ಟು ಸೋರುತ್ತದೆಂದು ನೋಡುವುದು. ಮೀಟರಿನ ಮುಳ್ಳು ಕೆಂಪು ಗೆರೆಯ ಈಚೆಗೇ ನಿಂತರೆ ಪಾಸು. ತನ್ನ ಅಡ್ಡಹೆಸರು ಆ ಮುಳ್ಳಿನಿಂದ ಬಂತೆಂದು ಅವಳು ನಂಬಿದ್ದಳು. ನಾಲಿಗೆಯಿಂದ ಬಂತೆಂದು ಉಳಿದವರಿಗೆ ಗೊತ್ತಿತ್ತು.

ಪಾಸಾದ ಓವನ್‌ಗೆ ಅವಳು ಕಾರ್ಡು ಕಟ್ಟುತ್ತಿದ್ದಳು: "ವಿಕಿರಣ ಸೋರಿಕೆ ಮಿತಿಯೊಳಗಿದೆ." ಗಿರಾಕಿಗಳು ಮೊದಲ ಎರಡು ಪದ ಓದುವಷ್ಟರಲ್ಲೇ ಅಣುಬಾಂಬು ಮುಟ್ಟಿದವರ ಹಾಗೆ ಹಿಂದೆ ಸರಿಯುತ್ತಿದ್ದರು.

"ಅಕ್ಕಾ, ಈ ಪದ ನನ್ನ ವ್ಯಾಪಾರಾನೇ ನುಂಗ್ತಾ ಇದೆ," ಎಂದ ಯಜಮಾನ. "ಕಿರಣ ಇಲ್ಲ ಅಂತ ಬರೆದುಬಿಡಿ."

"ಕಿರಣ ಇಲ್ದೆ ಅನ್ನ ಬಿಸಿ ಆಗೋದು ಹೇಗೆ? ನಿಮ್ಮ ಮಾತಿಂದಾನಾ?"

"ಸೋರಲ್ಲ ಅಂತಾದ್ರೂ ಬರೀರಿ."

"ಒಂಚೂರು ಸೋರತ್ತೆ ಯಜಮಾನ್ರೇ. ಇದು ಎಕ್ಸ್‌-ರೇ ಅಲ್ಲ, ಮೊಬೈಲಿನ ಅಲೆ ಇದೆಯಲ್ಲ, ಅದರ ಜಾತಿ. ಕಾಯಿಸೋದಷ್ಟೇ ಗೊತ್ತು ಇದಕ್ಕೆ. ಜಾಸ್ತಿ ಸೋರಿದ್ರೆ ಕಣ್ಣು, ಮೈ ಕಾಯ್ಸತ್ತೆ, ಅದಕ್ಕೇ ಮಿತಿ ಇಟ್ಟಿರೋದು. ಸ್ವಿಚ್ ಆರಿಸಿದ್ರೆ ಮುಗೀತು, ಊಟದೊಳಗೆ ಅವಿತು ಕೂರಲ್ಲ. ಇಷ್ಟನ್ನ ಗಿರಾಕಿಗೆ ಹೇಳೋಕೆ ನಿಮಗೆ ಬಾಯಿಲ್ವಾ? ಬೇರೆದಕ್ಕೆಲ್ಲ ಇದೆ."

ಕಾರ್ಡು ಬದಲಾಗಲಿಲ್ಲ. ಬದಲಾದದ್ದು ಗಿರಾಕಿ. ಬರುಬರುತ್ತಾ "ಮುಳ್ಳಕ್ಕನ ಕಾರ್ಡಿದ್ರೆ ಕೊಡಿ, ಇಲ್ದಿದ್ರೆ ಬೇಡ" ಎನ್ನುವವರು ಬಂದರು. ಅವಳು ಸಂಪಾದಿಸಿದ ಆಸ್ತಿಯೆಂದರೆ ಆ ಒಳ್ಳೆಯ ಹೆಸರೊಂದೇ.

ಆಮೇಲೊಂದು ದೊಡ್ಡ ಓವನ್ ಬಂತು. ಬಾಗಿಲಿನ ಕೆಳಗಿನ ಕೀಲು ಜಗ್ಗಿತ್ತು, ಮುಳ್ಳು ಕೆಂಪು ಗೆರೆಯನ್ನು ಹಾರಿ ಆಚೆ ನಿಂತಿತು. "ಬಾಗಿಲು ಕೂರುತ್ತಿಲ್ಲ. ಮಾರಬಾರದು" ಎಂದು ದಪ್ಪಕ್ಷರದಲ್ಲಿ ಬರೆದು ಕಟ್ಟಿ, ತಂಗಿಗೆ ಹುಷಾರಿಲ್ಲವೆಂದು ಎರಡು ದಿನ ರಜೆ ಹಾಕಿದಳು. ಅದೇ ದಿನ ಬೇಕರಿಯವನೊಬ್ಬನಿಗೆ ಆ ಅಳತೆಯದೇ ಬೇಕಾಯಿತು. ಯಜಮಾನ ಅವಳ ಕಾರ್ಡನ್ನು ಕಿತ್ತು ಡ್ರಾಯರಿಗೆ ಹಾಕಿದ. ಪಕ್ಕದ ಓವನ್ನಿನ ಪಾಸಾದ ಕಾರ್ಡು ಬಿಚ್ಚಿ ಇದಕ್ಕೆ ಕಟ್ಟಿದ.

ವಾರದೊಳಗೆ ಬೇಕರಿಯವನು ಓವನ್ ಹೊರಿಸಿಕೊಂಡು ವಾಪಸು ಬಂದ. ಬೇರೊಬ್ಬ ಮೆಕ್ಯಾನಿಕ್ ಅಳೆದಾಗ ಮುಳ್ಳು ಕೆಂಪು ಗೆರೆ ದಾಟಿತಂತೆ. ಕಟ್ಟಿದ್ದ ಕಾರ್ಡನ್ನು ಮುಳ್ಳಕ್ಕನ ಮುಂದೆ ಹಿಡಿದ.

"ಇದು ನಿಮ್ಮ ಕೈಬರಹ ತಾನೇ? ನನ್ನ ಹೆಂಡ್ತಿ ದಿನಪೂರ್ತಿ ಇದರ ಬಾಗಿಲಿಗೆ ಮುಖ ಕೊಟ್ಟು ನಿಲ್ತಾಳೆ, ಗೊತ್ತಾ?"

ಮುಳ್ಳಕ್ಕ ಕೀಲು ನೋಡಿದಳು. ಗುರುತು ಸಿಕ್ಕಿತು. "ಇದಕ್ಕೆ ನಾನು ಬರೆದಿದ್ದ ಕಾರ್ಡೇ ಬೇರೆ."

"ಎಲ್ಲಿದೆ? ತೋರ್ಸಿ."

ಅವಳು ಯಜಮಾನನ ಮುಖ ನೋಡಿದಳು. ಅಷ್ಟರಲ್ಲಿ ಅಕ್ಕಪಕ್ಕದ ಅಂಗಡಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಯಜಮಾನ ಮೊಣಕಾಲಿನಿಂದ ಡ್ರಾಯರನ್ನು ಒತ್ತಿ ಹಿಡಿದು, "ಏನು ಮಾಡೋದು ಹೇಳಿ, ಅಕ್ಕಂಗೆ ಈಗೀಗ ಕಣ್ಣು ಮಂಜು," ಎಂದ.

ಅವಳು ಕೂಗಾಡಲಿಲ್ಲ. ತನ್ನ ಮೀಟರನ್ನು ಬಟ್ಟೆಯಲ್ಲಿ ಸುತ್ತಿಕೊಂಡಳು. "ಮುಳ್ಳಿಗೆ ಮುಲಾಜು ಗೊತ್ತಿಲ್ಲ ಯಜಮಾನ್ರೇ. ಅದಕ್ಕೇ ಇನ್ನು ನಿಮ್ಮ ಹತ್ರ ಬಾಳಲ್ಲ," ಎಂದು ಮೆಟ್ಟಿಲಿಳಿದಳು.

ಕಣ್ಣು ಮಂಜಾದವಳಿಗೆ ಆ ಬೀದಿಯಲ್ಲಿ ಯಾರೂ ಕೆಲಸ ಕೊಡಲಿಲ್ಲ. ಈಗ ಎರಡು ಬೀದಿ ಆಚೆಯ ಟೈಲರ್ ಅಂಗಡಿಯಲ್ಲಿ ಅಂಗಿಗೆ ಗುಂಡಿ ಹಚ್ಚುತ್ತಾಳೆ. ಸೂಜಿಗೆ ದಾರವನ್ನು ಮೊದಲ ಸಲಕ್ಕೇ ಪೋಣಿಸುತ್ತಾಳೆ.

ಯಜಮಾನ ಎಂದು ಬರೆದದ್ದು ನನ್ನನ್ನೇ. "ಮಾರಬಾರದು" ಎಂದು ಅವಳು ಬರೆದ ಆ ಕಾರ್ಡು ಇನ್ನೂ ನನ್ನ ಡ್ರಾಯರಿನಲ್ಲಿದೆ. ಅಂದು ಬಾಗಿಲಲ್ಲಿ ನಿಂತಿದ್ದವರೆಲ್ಲರ ಎದುರು ಅದನ್ನು ನಾನೇ ತೆಗೆದು ಬೇಕರಿಯವನ ಕೈಗೆ ಕೊಡುವುದು ಅವಳಿಗೆ ನಾನು ತೀರಿಸಬೇಕಾದ ಋಣ. ಇನ್ನೂ ಕೊಟ್ಟಿಲ್ಲ.