ಹಿಮ ತೂಗುವ ಉಮ್ಸುನಾಯ್

ಬಿಷ್ಕೆಕ್‌ನಲ್ಲಿ ಬೆಳಗಿನ ಆರು ಗಂಟೆ. ಕಟ್ಟಡ ವಿನ್ಯಾಸ ಕಚೇರಿಯ ಮೂರನೇ ಮಹಡಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಶಾಲು ಹೊದ್ದು ಕೂತಿರುವವರು ಅರವತ್ತೆರಡರ ಉಮ್ಸುನಾಯ್. ಇಷ್ಟು ಬೇಗ ಯಾಕೆ ಅಂತೀರಾ? ಲೆಕ್ಕದ ಸಾಫ್ಟ್‌ವೇರಿಗೆ ಕಚೇರಿ ಕೊಂಡಿರುವುದು ಒಂದೇ ಲೈಸೆನ್ಸ್, ಅದಕ್ಕೆ ಕಾಯುವವರು ಐದು ಜನ. ಮೊದಲು ತೆರೆದವರೇ ಆ ದಿನದ ರಾಣಿ!

ಪರದೆಯ ಮೇಲೆ ಬೆಟ್ಟದ ಸೀಮೆ ನಾರಿನ್ ಕಡೆಯ ಹಳ್ಳಿ ಶಾಲೆಯೊಂದಕ್ಕೆ, ಮಕ್ಕಳು ಒಳಗೇ ಚೆಂಡಾಡಲೆಂದು ಕಟ್ಟಲಿರುವ ದೊಡ್ಡ ಆಟದ ಮನೆಯಿದೆ. ಅದರ ಚಾವಣಿಯನ್ನು ಸಾಫ್ಟ್‌ವೇರ್ ಸಾವಿರಾರು ಪುಟ್ಟ ಚೌಕಗಳಾಗಿ ಹೆಚ್ಚಿಟ್ಟಿದೆ. ಚಳಿಗಾಲದ ಹಿಮದ ಭಾರವನ್ನು ಆ ಮೇಲ್ಮೈ ತುಂಬ ಹರಡುವುದು, ಕೆಳಗಿನ ತೊಲೆಗಳು ತಡೆಯುತ್ತವೆಯೇ ಎಂದು ನೋಡುವುದು ಉಮ್ಸುನಾಯ್ ಕೆಲಸ. ಮೌಸ್ ಒತ್ತಿದರೆ ಕೆಂಪು ಬಾಣಗಳು ಚಾವಣಿ ತುಂಬ ಸಾಲುಗಟ್ಟುತ್ತವೆ. ಮೂವತ್ತೆಂಟು ವರ್ಷಗಳ ದುಡಿಮೆ. ಉದ್ಘಾಟನೆಯ ಒಂದು ಕಲ್ಲಿನ ಮೇಲೂ ಅವರ ಹೆಸರಿಲ್ಲ.

"ಹಿಮ ಎಲ್ಲ ಕಡೆ ಒಂದೇ ಸಮ ಕೂರಲ್ಲ. ಗಾಳಿ ಬಡಿಯೋ ಕಡೆ ತೆಳ್ಳಗೆ, ಮರೆ ಕಡೆ ರಾಶಿ. ನಮ್ಮಜ್ಜಿ ಕಂಬಳಿ ಡೇರೆ ಮೇಲಿನ ಹಿಮ ಕೊಡವೋಕೆ ಮೊದಲು ಮರೆ ಕಡೆಗೇ ಓಡ್ತಿದ್ದಳು. ಯಾವ ಸಾಫ್ಟ್‌ವೇರ್ ಇತ್ತು ಅವಳ ಹತ್ರ?" ಎಂದು ನಗುತ್ತಾರೆ.

ಅವರು ಕೆಲಸಕ್ಕೆ ಸೇರಿದಾಗ ಇಲ್ಲೂ ಸಾಫ್ಟ್‌ವೇರ್ ಇರಲಿಲ್ಲ. ಗುರು ತುರ್ಗುನ್‌ಬಾಯ್ ಹಲಗೆಯಲ್ಲಿ ಪುಟ್ಟ ಚಾವಣಿ ಮಾಡಿ, ಅದರ ನಾಲ್ಕು ಕಾಲನ್ನೂ ನಾಲ್ಕು ಅಡುಗೆಮನೆ ತಕ್ಕಡಿಗಳ ಮೇಲೆ ಇಡುತ್ತಿದ್ದರಂತೆ. ಮೇಲೆ ಗೋಧಿ ಹರಡುವುದು, ತಕ್ಕಡಿಗಳ ಲೆಕ್ಕ ಕೂಡುವುದು.

"'ಮೇಲೆ ಸುರಿದಿದ್ದೆಲ್ಲ ಕಾಲಿಗೆ ಬರಬೇಕು ಹುಡುಗಿ. ಬರಲಿಲ್ಲ ಅಂದ್ರೆ ಗೋಧಿ ಎಲ್ಲೋ ಚೆಲ್ಲಿದೆ, ಇಲ್ಲಾ ನೀನು ಮುಕ್ಕಿದೀಯ!' ಅಂತ ಬೈಯೋರು. ಸಂಜೆ ಅದೇ ಗೋಧಿ ಕುದಿಸಿ ಎಲ್ಲರೂ ಗಂಜಿ ಕುಡೀತಿದ್ವಿ. ಆ ರುಚಿ ಇನ್ನೂ ನಾಲಿಗೆ ಮೇಲಿದೆ."

ನಾಲ್ಕರಲ್ಲಿ ಒಂದು ತಕ್ಕಡಿ ಇವತ್ತಿಗೂ ಅವರ ಮೇಜಿನ ಮೇಲಿದೆ. ಈಗ ಅದರಲ್ಲಿ ಒಣಗಿಸಿದ ಜರ್ದಾಳು ಹಣ್ಣು.

ಈ ಆಟದ ಮನೆಯ ಕಡತವನ್ನು ನಿನ್ನೆ ಸಂಜೆ ಮುಗಿಸಿದವರು ಮುಖ್ಯ ಎಂಜಿನಿಯರ್ ಜಿರ್ಗಾಲ್‌ಬೆಕ್. ಒಂಬತ್ತಕ್ಕೆ ಅದು ತಪಾಸಣೆಯವರಿಗೆ ಹೋಗಲೇಬೇಕು. ಉಮ್ಸುನಾಯ್ ಎಂದಿನಂತೆ ಕಾಲುಗಳ, ಅಂದರೆ ಕಂಬಗಳ ಬುಡಕ್ಕೆ ಇಳಿದ ಭಾರದ, ಲೆಕ್ಕ ಕೂಡುತ್ತಾರೆ. ಹಿಮ ನೂರೆಂಟು ಟನ್ ಬರಬೇಕು. ಬಂದಿರುವುದು ತೊಂಬತ್ತು.

"ಹದಿನೆಂಟು ಟನ್ ಯಾರು ಮುಕ್ಕಿದ್ರು?" ಎಂದು ಪರದೆಯನ್ನೇ ಕೇಳುತ್ತಾರೆ.

ಚಾವಣಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಸಿಕ್ಕಿತು! ಬೆಳಕಿಂಡಿಗೆಂದು ಜಿರ್ಗಾಲ್‌ಬೆಕ್ ಕೊನೇ ಗಳಿಗೆಯಲ್ಲಿ ಮೇಲ್ಮೈಯನ್ನು ಎರಡಾಗಿ ಕತ್ತರಿಸಿದ್ದಾರೆ. ಭಾರ ಹಳೆಯ ತುಂಡಿನ ಮೇಲೆ ಉಳಿದಿದೆ, ಹೊಸ ಪಟ್ಟಿಯ ಮೇಲೆ ಒಂದು ಬಾಣವೂ ಇಲ್ಲ. ಅದೂ ಹಿಮ ರಾಶಿ ಬೀಳುವ ಮರೆಯ ಕಡೆಯಲ್ಲೇ. ಸಾಫ್ಟ್‌ವೇರ್ ತುಟಿ ಪಿಟಕ್ಕೆಂದಿಲ್ಲ, ಎಲ್ಲ ಸರಿ ಎಂದು ಹಸಿರು ಬಣ್ಣ ಬಳಿದು ಕೂತಿದೆ.

ಎಂಟೂವರೆಗೆ ಜಿರ್ಗಾಲ್‌ಬೆಕ್ ಏದುಸಿರು ಬಿಡುತ್ತಾ ಬರುತ್ತಾರೆ. "ಅಕ್ಕಾ, ಮತ್ತೆ ಗೋಧಿ ಸುರೀತಾ ಕೂತ್ರಾ? ಕಳಿಸಿ ಬೇಗ, ನನ್ನ ತಲೆ ಹೋಗತ್ತೆ!"

"ನಿಂದಾದ್ರೆ ಒಂದೇ ತಲೆ ಕಣೋ ಜಿರ್ಗಾಲ್. ಆ ಬೆಳಕಿಂಡಿ ಕೆಳಗೆ ಎಷ್ಟು ತಲೆ ಆಡ್ತಿರ್ತವೆ, ಎಣಿಸು."

ಬೋಳು ಪಟ್ಟಿಯ ಮೇಲೆ ಭಾರ ಹರಡಿ, ಲೆಕ್ಕವನ್ನು ಮತ್ತೆ ಓಡಿಸುತ್ತಾರೆ. ಕಾಲುಗಳಲ್ಲಿ ನೂರೆಂಟು ಬರುತ್ತದೆ. ಜೊತೆಗೇ ಭಾರ ತಡೆಯಲಾರದೆ ಎರಡು ತೊಲೆ ಕೆಂಪಾಗುತ್ತವೆ. ಜಿರ್ಗಾಲ್‌ಬೆಕ್ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ತಪಾಸಣೆಯವರಿಗೆ ಫೋನ್ ಮಾಡುತ್ತಾರೆ. "ಕಡತ ನಾಳೆ ಬರುತ್ತೆ. ಎರಡು ತೊಲೆ ದಪ್ಪ ಮಾಡಬೇಕು. ಹೌದು, ತಪ್ಪು ನಂದೇ."

ಫೋನಿಟ್ಟು ತಕ್ಕಡಿಯಿಂದ ಒಂದು ಜರ್ದಾಳು ಬಾಯಿಗೆ ಹಾಕಿಕೊಳ್ಳುತ್ತಾರೆ. "ಅವನ್ನೂ ಎಣಿಸಿಟ್ಟಿದೀನಿ," ಎನ್ನುತ್ತಾರೆ ಉಮ್ಸುನಾಯ್.

ಬರುವ ವಸಂತಕ್ಕೆ ಅವರ ನಿವೃತ್ತಿ. ಸನ್ಮಾನ ಬೇಡ, ಶಾಲೂ ಬೇಡ ಎನ್ನುತ್ತಾರೆ.

"ನಾನು ಹಿಮ ತೂಗಿದ ಒಂದು ಚಾವಣಿ ಕೆಳಗೂ ಹಿಮ ಬಿದ್ದಾಗ ನಿಂತಿಲ್ಲ. ಈ ಆಟದ ಮನೆ ಎದ್ದ ಮೇಲೆ ಒಂದು ಜನವರೀಲಿ ಹೋಗ್ತೀನಿ. ಮಕ್ಕಳು ಚೆಂಡಾಡ್ತಿರಲಿ, ಯಾರೂ ಮೇಲೆ ನೋಡೋದು ಬೇಡ. ನೂರೆಂಟು ಟನ್ ನಾನೊಬ್ಬಳೇ ನೋಡ್ಕೋತೀನಿ."