ಸುಮ್ಮನೆ ಕೂತ ತರಗತಿ

ಅಶ್ವಿನಿ, ನಿನ್ನ ಪರೀಕ್ಷಾ ಪಾಠ ಕೆಟ್ಟದ್ದು ನನ್ನಿಂದ. ಅಂದು ಮಕ್ಕಳ ಬಾಯಿ ಕಟ್ಟಿದವಳು ನಾನು. ಇದನ್ನು ಹೇಳಲು ಇಷ್ಟು ವರ್ಷ ಬೇಕಾಯಿತು — ಬೇಕಾಯಿತು ಎಂದರೂ ಸುಳ್ಳೇ, ಹೇಳುವ ಮನಸ್ಸೇ ಇರಲಿಲ್ಲ.

ಬಿ.ಎಡ್. ಓದುತ್ತಿದ್ದ ನೀನು ಪಾಠ ಅಭ್ಯಾಸಕ್ಕೆಂದು ಮಿರ್ಜಾನ ಕಡೆಯ ನಮ್ಮ ಹೈಸ್ಕೂಲಿಗೆ ಬಂದಿದ್ದೆ. ನಿನಗೆ ಕೆಲಸ ಕಲಿಸಬೇಕಾದ ಮಾರ್ಗದರ್ಶಕಿ ನಾನು. ನನ್ನ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳುತ್ತದೆ ಎಂದು ಹೆಡ್‌ಮಾಸ್ತರರು ಹೊಗಳುತ್ತಿದ್ದರು. ಅದೇ ನನ್ನ ಹೆಚ್ಚುಗಾರಿಕೆ. ನೀನು ಬಂದ ಮೇಲೆ ಎಂಟನೇ ತರಗತಿಯ ಗದ್ದಲ ಸ್ಟಾಫ್‌ರೂಮಿನವರೆಗೂ ಕೇಳತೊಡಗಿತು. ನೀನು ಬಕೆಟ್ಟಿನಲ್ಲಿ ನೀರು ಇಟ್ಟುಕೊಂಡು, ತೆಂಗಿನ ಗರಟೆ, ಮೊಳೆ, ನಿಮ್ಮ ಅಘನಾಶಿನಿ ಹೊಳೆಯಿಂದ ತಂದ ಬಳಚಿನ ಚಿಪ್ಪು — ಒಂದೊಂದನ್ನೇ ಎತ್ತಿ ಹಿಡಿದು, "ಎಂತ ಆಗ್ತದೆ, ಹೇಳಿ?" ಎನ್ನುತ್ತಿದ್ದೆ. ಮುಳುಗ್ತದೆ, ತೇಲ್ತದೆ ಎಂದು ಮಕ್ಕಳು ಎರಡು ಪಕ್ಷವಾಗಿ ಕೂಗಾಡುತ್ತಿದ್ದರು. ಅವರು ಪಂಥ ಕಟ್ಟಿದ ಮೇಲೆಯೇ ನೀನು ಅದನ್ನು ನೀರಿಗೆ ಬಿಡುತ್ತಿದ್ದೆ. ಚೆಂದದ ಪಾಠ. ಬಾಗಿಲ ಹೊರಗೆ ನಿಂತು ನಾನೂ ಒಮ್ಮೆ ಮನಸ್ಸಿನಲ್ಲೇ ತೇಲ್ತದೆ ಅಂದುಕೊಂಡಿದ್ದೆ.

ಒಂದು ದಿನ ನಿನ್ನ ಬದಲು ನಾನು ಆ ತರಗತಿಗೆ ಹೋದೆ. ಮುಂದಿನ ಬೆಂಚಿನ ಸಣ್ಣ ಹುಡುಗಿ ಸವಿತಾ ಎದ್ದು ನಿಂತಳು. "ಅಕ್ಕೋರೆ, ಇವತ್ತು ಅಶ್ವಿನಿ ಅಕ್ಕೋರು ಬರೂದಿಲ್ವಾ?" ಕೇಳಿದ್ದು ಅಷ್ಟೇ. ಅವಳ ಮುಖ ಬಾಡಿದ್ದು ನೋಡಿ ನನ್ನೊಳಗೆ ಏನೋ ಉರಿಯಿತು. ಹೊಟ್ಟೆಕಿಚ್ಚು — ಅದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ. ಇಷ್ಟು ವರ್ಷ ಗಂಟಲು ಹರಿದುಕೊಂಡವಳು ನಾನು, ನಿನ್ನೆ ಮೊನ್ನೆ ಬಂದ ಹುಡುಗಿಗಾಗಿ ಈ ಮಕ್ಕಳು...

ಪರೀಕ್ಷಾ ಪಾಠದ ದಿನ ನೀನು ನೀರು ತರಲು ಬಾವಿಕಟ್ಟೆಗೆ ಹೋಗಿದ್ದಾಗ ನಾನು ತರಗತಿಯ ಒಳಗೆ ಹೋದೆ. "ಹೊರಗಿನ ಪರೀಕ್ಷಕರು ಬರ್ತಾರೆ. ಯಾರಾದ್ರೂ ಬಾಯಿ ತೆಗೆದ್ರೆ ಅಶ್ವಿನಿ ಅಕ್ಕೋರಿಗೆ ಮಾರ್ಕು ಹೋಗ್ತದೆ. ಅವ್ರು ಪಾಸಾಗ್ಬೇಕೋ ಬೇಡ್ವೋ?" ಬೇಕು ಎಂದು ಎಲ್ಲರೂ ತಲೆಯಾಡಿಸಿದರು. ಇದನ್ನು ನಿನಗೆ ಹೇಳಬಾರದೆಂದೂ ತಾಕೀತು ಮಾಡಿದೆ. ಶಿಸ್ತಿಗಾಗಿ ಹೇಳಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಮಕ್ಕಳು ಮಾತಾಡದಿದ್ದರೆ ನಿನ್ನ ಪಾಠ ಒಂದು ಹೆಜ್ಜೆಯೂ ಮುಂದೆ ಹೋಗದು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಪರೀಕ್ಷಕರು ಹಿಂದಿನ ಬೆಂಚಿನಲ್ಲಿ ಕೂತರು, ಪಕ್ಕದಲ್ಲಿ ನಾನು. ನೀನು ಗರಟೆ ಎತ್ತಿ ಹಿಡಿದೆ. "ಎಂತ ಆಗ್ತದೆ, ಹೇಳಿ?" ಯಾರೂ ಹೇಳಲಿಲ್ಲ. ಮತ್ತೆ ಕೇಳಿದೆ. ಹೆಸರು ಹಿಡಿದು ಕೇಳಿದೆ. ಎದ್ದು ನಿಂತ ಮಕ್ಕಳು ತಲೆ ತಗ್ಗಿಸಿದರು. ಕೊನೆಗೆ ಪ್ರಶ್ನೆಯೂ ನಿನ್ನದೇ, ಉತ್ತರವೂ ನಿನ್ನದೇ. ಹೇಳಿ ಮಕ್ಕಳೇ ಎಂದು ನಾನೊಂದು ಮಾತು ಅಂದಿದ್ದರೆ — ಅನ್ನಲಿಲ್ಲ.

ಆಮೇಲೆ ಜಗಲಿಯಲ್ಲಿ ನೀನು ಕೇಳಿದೆ. "ಅಕ್ಕೋರೆ, ನನ್ನಲ್ಲಿ ಎಂತ ಕಮ್ಮಿ ಆತು?"

"ಮಕ್ಕಳು ನಿನಗೆ ಒಲಿಲಿಲ್ಲ. ಎಲ್ಲರಿಗೂ ಈ ಕೆಲಸ ಬರೂದಿಲ್ಲ, ಅಶ್ವಿನಿ," ಅಂದೆ.

ನೀನು ಹೇಗೋ ಪಾಸಾದೆ, ಆದರೆ ಯಾವ ಶಾಲೆಗೂ ಅರ್ಜಿ ಹಾಕಲಿಲ್ಲ ಎಂದು ಕೇಳಿದ್ದೆ. ಕಳೆದ ವಾರ ಹೊನ್ನಾವರದ ಕೊರಿಯರ್ ಆಫೀಸಿಗೆ ಹೋದರೆ ಕೌಂಟರಿನಲ್ಲಿ ನೀನು! ಎದ್ದು ನಿಂತೆ, ಕುರ್ಚಿ ಕೊಟ್ಟೆ, ಚಾ ತರಿಸಿದೆ. ಭಟ್ಕಳದ ಶಾಲೆಯೊಂದರಲ್ಲಿ ವಿಜ್ಞಾನಕ್ಕೆ ಅತಿಥಿ ಶಿಕ್ಷಕಿ ಬೇಕಂತೆ ಎಂದು ನಾನೇ ಮಾತು ತೆಗೆದೆ. ನೀನು ನಕ್ಕುಬಿಟ್ಟೆ. "ಬೇಡ ಅಕ್ಕೋರೆ. ಅವತ್ತು ನೀವು ನೇರ ಹೇಳಿದ್ದು ಒಳ್ಳೇದೇ ಆತು. ಸವಿತಾ ನೆನಪಿದ್ದಾಳಲ್ಲ? ಅಷ್ಟು ಚುರುಕಿನ ಹುಡುಗಿಯೇ ನನ್ನ ಪಾಠಕ್ಕೆ ಬಾಯಿಗೆ ಕೈ ಅಡ್ಡ ಇಟ್ಕೊಂಡು ಆಕಳಿಸ್ತಿತ್ತು."

ನಾನು ಚಾ ಕುಡಿದು ಎದ್ದು ಬಂದೆ. ನಿನ್ನಿಂದ ಉಪಕಾರ ಹೇಳಿಸಿಕೊಂಡು ಬಂದೆ, ನಾಚಿಕೆಗೆಟ್ಟವಳು.

ನಾಳೆ ಬೆಳಗಿನ ಬಸ್ಸಿಗೆ ಮತ್ತೆ ಹೊನ್ನಾವರಕ್ಕೆ ಬರುತ್ತೇನೆ. ಇದನ್ನೆಲ್ಲ ನಿನ್ನ ಮುಖ ನೋಡಿಯೇ ಹೇಳಬೇಕು. ಭಟ್ಕಳಕ್ಕೆ ಹೋಗುವುದು ಬಿಡುವುದು ನಿನಗೆ ಸೇರಿದ್ದು. ಕ್ಷಮಿಸು ಎಂದು ಕೇಳುವುದಿಲ್ಲ. ಆ ಹೊರೆಯನ್ನೂ ನಿನ್ನ ತಲೆಗೆ ಕಟ್ಟಲಾರೆ. ಮೊದಲು ಸವಿತಾಳ ಮಾತು ಹೇಳುತ್ತೇನೆ. ಅವಳು ಆಕಳಿಸುತ್ತಿರಲಿಲ್ಲ, ಅಶ್ವಿನಿ. ಪಾಠ ಮುಗಿದದ್ದೇ ನನ್ನ ಹತ್ತಿರ ಓಡಿ ಬಂದಿದ್ದಳು.

"ಅಕ್ಕೋರೆ, ತೇಲ್ತದೆ ಅಂತ ಬಾಯಿಗೇ ಬಂದಿತ್ತು, ಕೈಯಲ್ಲಿ ಮುಚ್ಕೊಂಡೆ. ಅಶ್ವಿನಿ ಅಕ್ಕೋರು ಪಾಸಾಗ್ತಾರಲ್ವಾ?"